ಒಂದೇ ಪಿಕಪ್‌ಗೆ 216, 279: ಗ್ರೌಂಡ್ ಕ್ಲಿಯರೆನ್ಸ್ ಅಳೆಯುವುದು ಎಲ್ಲಿಂದ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಕಾಫಿ ತೋಟ. ಅಪ್ಪನ ಕಾಲದ ಜೀಪ್ ಹಳತಾಗಿರುವುದರಿಂದ ಫೋರ್ ವೀಲ್ ಡ್ರೈವ್ ಪಿಕಪ್ ಕೊಳ್ಳಬೇಕೆಂದಿದ್ದೇವೆ. ಇಸುಜು ವಿ-ಕ್ರಾಸ್‌ನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ವಾಹನದ ತಳಕ್ಕೂ ನಡುವಿನ ಎತ್ತರ) 225 ಮಿ.ಮೀ. ಎನ್ನುತ್ತಾರೆ. ಟೊಯೋಟ ಹೈಲಕ್ಸ್‌ಗೆ ಆಸ್ಟ್ರೇಲಿಯಾದ ಒಂದು ವಿಮರ್ಶೆಯಲ್ಲಿ 279 ಎಂದೂ ಇನ್ನೊಂದರಲ್ಲಿ 216 ಎಂದೂ ಓದಿದೆ. ನಮ್ಮ ತೋಟದ ದಾರಿಯಲ್ಲಿ ಮಳೆಗಾಲಕ್ಕೆ ಚಕ್ರದ ಜಾಡು ಆಳವಾಗಿ ನಡುವೆ ದಿಣ್ಣೆ ಉಳಿಯುತ್ತದೆ. ಅದಲ್ಲದೆ ಹಳ್ಳದ ಮೋರಿಯ ಮೇಲೆ ಗೂನಿನಂಥ ಒಂದು ಏರು ಇದೆ. ಅಪ್ಪನ ಜೀಪ್ ಆ ಮೋರಿಯ ಮೇಲೆ ಒಮ್ಮೆಯೂ ತಾಗಲಿಲ್ಲ, ನೆಂಟರ ಪಿಕಪ್ ಮಾತ್ರ ಹೊಟ್ಟೆ ಕೊಟ್ಟು ನಿಂತುಬಿಟ್ಟಿತು. ಈ ಎರಡರಲ್ಲಿ ಯಾವುದು ಎತ್ತರ? ವಾಹನವನ್ನು ಸ್ಪ್ರಿಂಗ್‌ಗಳ ಮೇಲೆ ಎತ್ತರಿಸುವ 2 ಇಂಚಿನ ಲಿಫ್ಟ್ ಕಿಟ್ ಹಾಕಿಸಿದರೆ ಸಮಸ್ಯೆ ತೀರುತ್ತದೆಯೇ?

ಉತ್ತರ: ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ದಾರಿಯ ಮಟ್ಟಿಗೆ ಈ ಎರಡು ಪಿಕಪ್‌ಗಳ ಎತ್ತರದಲ್ಲಿ ಒಂದು ಬೆರಳಿನಗಲದ ವ್ಯತ್ಯಾಸವೂ ಇಲ್ಲ. ಆ ಅಂಕಿಯನ್ನು ನೋಡಿ ಒಂದನ್ನು ಆರಿಸುವುದು ಬೇಡ. ನಿಮ್ಮ ನೆಂಟರ ವಾಹನ ಮೋರಿಯ ಮೇಲೆ ಸಿಕ್ಕಿಕೊಂಡದ್ದು ಅದು ತಗ್ಗಾಗಿದ್ದುದರಿಂದಲ್ಲ, ಉದ್ದವಾಗಿದ್ದುದರಿಂದ. ಇನ್ನು ಲಿಫ್ಟ್ ಕಿಟ್ ಮೋರಿಯ ಮೇಲೆ ಸ್ವಲ್ಪ ನೆರವಾದೀತು, ಆದರೆ ಜಾಡಿನ ನಡುವಿನ ದಿಣ್ಣೆಗೆ ಮೊದಲು ತಾಗುವ ಭಾಗವನ್ನು ಅದು ಒಂದು ಕೂದಲಿನಷ್ಟೂ ಮೇಲೆತ್ತುವುದಿಲ್ಲ. ನಿಮ್ಮ ದಾರಿಯಲ್ಲಿರುವ ದಿಣ್ಣೆ ಮತ್ತು ಮೋರಿ ಎರಡು ಬೇರೆ ಬೇರೆ ಸಮಸ್ಯೆಗಳು ಎಂಬುದನ್ನು ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಮೊದಲು ನಿಮ್ಮನ್ನು ಗೊಂದಲಕ್ಕೆ ದೂಡಿದ ಆ ಎರಡು ಅಂಕಿಗಳನ್ನು ನೋಡೋಣ. ಒಂದೇ ವಾಹನಕ್ಕೆ 279 ಮತ್ತು 216. ನಡುವಿನ ಅಂತರ 63 ಮಿ.ಮೀ. ವಾಹನ ಅಷ್ಟು ಬದಲಾಗಿರುವುದು ಸಾಧ್ಯವಿಲ್ಲ, ಅಳೆದ ಜಾಗವೇ ಬೇರೆಯಾಗಿರಬೇಕು. ಇದನ್ನು ಯಾರ ಮಾತನ್ನೂ ನಂಬದೆ ಲೆಕ್ಕದಿಂದಲೇ ತಿಳಿಯಬಹುದು. ನಮ್ಮ ದೇಶದಲ್ಲಿ ಬರುವ ಹೈಲಕ್ಸ್‌ನ ಟೈರ್ 265/65 ಆರ್17 ಅಥವಾ 265/60 ಆರ್18. ಎರಡರ ವ್ಯಾಸವೂ ಸುಮಾರು 776 ಮಿ.ಮೀ., ಎಂದರೆ ತ್ರಿಜ್ಯ 388. ವಾಹನದ ಭಾರಕ್ಕೆ ಟೈರ್ ಕೆಳಗೆ ಸ್ವಲ್ಪ ಅಮುಕುವುದರಿಂದ ನೆಲದಿಂದ ಆಕ್ಸಲ್‌ನ (ಎಡ ಬಲ ಚಕ್ರಗಳನ್ನು ಸೇರಿಸುವ ಅಚ್ಚಿನ) ನಡುಮಧ್ಯಕ್ಕೆ ಸುಮಾರು 370 ಮಿ.ಮೀ. ಸಿಗುತ್ತದೆ ಎಂದುಕೊಳ್ಳಿ. ಹಿಂದಿನ ಆಕ್ಸಲ್ ಒಂದೇ ಗಟ್ಟಿ ಕೊಳವೆಯಾಗಿದ್ದು ಅದರ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹಂಚುವ ಗಿಯರ್) ಹೌಸಿಂಗ್ ಇದೆಯಲ್ಲ, ಅದರೊಳಗೆ ಕ್ರೌನ್ ಚಕ್ರ ಎಂಬ ದೊಡ್ಡ ಹಲ್ಲುಚಕ್ರ ತಿರುಗುತ್ತಿರುತ್ತದೆ. ಈ ವರ್ಗದ ಪಿಕಪ್‌ಗಳಲ್ಲಿ ಆ ಚಕ್ರದ ವ್ಯಾಸ ಸುಮಾರು 8 ಇಂಚು, ಅರ್ಧ ತೆಗೆದರೆ 100 ಮಿ.ಮೀ. ಚಕ್ರ ತಿರುಗಲು ಬೇಕಾದ ಜಾಗ, ಎಣ್ಣೆ, ಎರಕದ ಗೋಡೆಯ ದಪ್ಪ ಎಲ್ಲ ಸೇರಿದರೆ ಹೌಸಿಂಗ್‌ನ ತಳ ಆಕ್ಸಲ್ ಮಧ್ಯದಿಂದ ಕೆಳಕ್ಕೆ 140–150 ಮಿ.ಮೀ. ಇಳಿಯಲೇಬೇಕು. 370ರಲ್ಲಿ 150 ಕಳೆಯಿರಿ, 220 ಉಳಿಯುತ್ತದೆ. 279 ಎಂಬುದು ಡಿಫರೆನ್ಷಿಯಲ್‌ನ ಕೆಳಗಿನ ಅಳತೆಯೇ ಆಗಬೇಕಾದರೆ ಕ್ರೌನ್ ಚಕ್ರವೇ ಹೌಸಿಂಗ್‌ನಿಂದ ಹೊರಗೆ ಬಂದಿರಬೇಕು. ಆದ್ದರಿಂದ 216 ಎನ್ನುವುದು ಡಿಫರೆನ್ಷಿಯಲ್‌ನ ಕೆಳಗಿನ ಲೆಕ್ಕಕ್ಕೆ ಹೊಂದುತ್ತದೆ, 279 ಎನ್ನುವುದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ, ಚಾಸಿಯ (ವಾಹನದ ಉಕ್ಕಿನ ಚೌಕಟ್ಟಿನ) ಹೊಟ್ಟೆಯ ಕಡೆ ಎಲ್ಲೋ ಅಳೆದ ಅಂಕಿಗೆ ಹೊಂದುತ್ತದೆ. ಎರಡೂ ಸುಳ್ಳಲ್ಲ. ಆದರೆ ಒಂದು ವಾಹನದ ಹೊಟ್ಟೆಯನ್ನು ಇನ್ನೊಂದರ ಆಕ್ಸಲ್ ಜೊತೆ ಹೋಲಿಸಿದರೆ ಕೊಳ್ಳುವವನು ದಾರಿ ತಪ್ಪುತ್ತಾನೆ.

ಐರೋಪ್ಯ ಒಕ್ಕೂಟದ ನಿಯಮದಲ್ಲಿ ಈ ಗೊಂದಲಕ್ಕೆ ಆಸ್ಪದವಿರಲಿಲ್ಲ. ಯಾವುದನ್ನು ಆಫ್‌ರೋಡ್ ವಾಹನ ಎನ್ನಬೇಕು ಎಂದು ನಿರ್ಧರಿಸುವಾಗ ಅಲ್ಲಿ ಮುಂದಿನ ಆಕ್ಸಲ್‌ನ ಕೆಳಗೆ 180, ಹಿಂದಿನ ಆಕ್ಸಲ್‌ನ ಕೆಳಗೆ 180, ಎರಡು ಆಕ್ಸಲ್‌ಗಳ ನಡುವೆ 200 ಮಿ.ಮೀ. ಎಂದು ಮೂರು ಅಳತೆಗಳನ್ನು ಬೇರೆ ಬೇರೆಯಾಗಿಯೇ ಕೇಳುತ್ತಾರೆ. ಆಕ್ಸಲ್‌ನ ಕೆಳಗೆ ಅಳೆಯುವ ಕ್ರಮವೂ ಸೊಗಸಾಗಿದೆ: ಎಡಗಾಲಿ ಮತ್ತು ಬಲಗಾಲಿ ನೆಲ ಮುಟ್ಟುವ ಜಾಗಗಳನ್ನು ಸೇರಿಸಿ, ಆಕ್ಸಲ್‌ನ ಅತಿ ತಗ್ಗಿನ ಭಾಗಕ್ಕೆ ತಾಗುವಂತೆ ಒಂದು ಕಮಾನು ಎಳೆದು, ಆ ಕಮಾನಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮ ಜಾಡಿನ ನಡುವಿನ ದಿಣ್ಣೆಯೂ ಕಮಾನಿನಂತೆಯೇ ಇರುತ್ತದೆ, ಚೌಕಾಕಾರವಾಗಿ ಅಲ್ಲ.

ಈಗ ಆ ದಿಣ್ಣೆಯ ಮಾತು. ಅದು ದಾರಿಯುದ್ದಕ್ಕೂ ಹರಿದಿರುವುದರಿಂದ ವಾಹನದ ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡು ಚಕ್ರಗಳ ನಡುವೆ ಎಲ್ಲಕ್ಕಿಂತ ಕೆಳಗೆ ಯಾವುದು ಇಳಿದಿದೆಯೋ ಅದೇ ತಾಗುತ್ತದೆ, ಮತ್ತು ಈ ಪಿಕಪ್‌ಗಳಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಡಿಫರೆನ್ಷಿಯಲ್. ಡಿಫರೆನ್ಷಿಯಲ್ ಆಕ್ಸಲ್‌ನಲ್ಲೇ ಇದೆ, ಆಕ್ಸಲ್ ಚಕ್ರದ ಮೇಲೆ ನಿಂತಿದೆ, ಚಕ್ರ ನೆಲದ ಮೇಲೆ ನಿಂತಿದೆ. ಇವುಗಳ ನಡುವೆ ಸ್ಪ್ರಿಂಗ್ ಎಲ್ಲೂ ಬರುವುದಿಲ್ಲ. ಹಾಗಾಗಿ ಸ್ಪ್ರಿಂಗ್ ಬದಲಿಸಿ, ಪ್ಲೇಟ್ ಸೇರಿಸಿ, ಶ್ಯಾಕಲ್ ಉದ್ದ ಮಾಡಿ ಏನು ಮಾಡಿದರೂ ಮೇಲೇಳುವುದು ಚಾಸಿ ಮತ್ತು ಬಾಡಿ ಮಾತ್ರ. ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವ ಒಂದೇ ಉಪಾಯ ದೊಡ್ಡ ಟೈರ್, ಅದರಲ್ಲೂ ವ್ಯಾಸ ಹೆಚ್ಚಾದಷ್ಟರಲ್ಲಿ ಅರ್ಧ ಮಾತ್ರ ದಕ್ಕುತ್ತದೆ. ಇದಕ್ಕೆ ಅಮೆರಿಕದ ಫೋರ್ಡ್ ಎಫ್-150 ರಾಪ್ಟರ್‌ಗಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. 2021ರ ಆ ಪಿಕಪ್‌ಗೆ ಕಂಪನಿಯೇ 35 ಇಂಚು ಮತ್ತು 37 ಇಂಚು ಎಂದು ಎರಡು ಟೈರ್ ಕೊಟ್ಟಿತು: ಮೊದಲನೆಯದರಲ್ಲಿ ಗ್ರೌಂಡ್ ಕ್ಲಿಯರೆನ್ಸ್ 12 ಇಂಚು, ಎರಡನೆಯದರಲ್ಲಿ 13.1. ವ್ಯಾಸ 2 ಇಂಚು ಏರಿದಾಗ ಎತ್ತರ ಹೆಚ್ಚುಕಡಿಮೆ 1 ಇಂಚು ಏರಿತು, ಅಷ್ಟೇ.

ಇದೇ ಅಳತೆಗೋಲಿನಿಂದ ನಿಮ್ಮ ಎರಡು ಆಯ್ಕೆಗಳನ್ನು ಅಳೆಯೋಣ. ನಾನು ನೋಡಿರುವ ವಿ-ಕ್ರಾಸ್‌ಗಳಲ್ಲಿ 255/60 ಆರ್18 ಟೈರ್ ಇತ್ತು. ಅದರ ವ್ಯಾಸ 763 ಮಿ.ಮೀ. ಹೈಲಕ್ಸ್‌ನದು 776. ವ್ಯತ್ಯಾಸ 13, ಅದರಲ್ಲಿ ಅರ್ಧ 6.5 ಮಿ.ಮೀ. ಟೈರ್ ಸವೆದರೆ, ಗಾಳಿ ಕಡಿಮೆಯಾದರೆ ಇದಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಕೆಸರಿನಲ್ಲಿ ಹಿಡಿತ ಸಿಗಲೆಂದು ಟೈರ್‌ನ ಗಾಳಿ ಇಳಿಸುವ ಅಭ್ಯಾಸ ನಿಮಗಿದ್ದರೆ, ಹಾಗೆ ಇಳಿಸಿದಾಗ ಡಿಫರೆನ್ಷಿಯಲ್ ಸುಮಾರು ಒಂದು ಬೆರಳಿನಗಲ ಕೆಳಗೆ ಬರುತ್ತದೆ ಎಂಬುದೂ ನೆನಪಿರಲಿ. ಕೊಳ್ಳುವ ದಿನ ಷೋರೂಮಿನಲ್ಲಿ ಕಾಗದದ ಅಂಕಿಯನ್ನು ಬದಿಗಿಟ್ಟು ಟೈರ್‌ನ ಪಕ್ಕದ ಗೋಡೆಯ ಮೇಲಿರುವ ಅಳತೆಯನ್ನು ಓದಿ: ಅಗಲವನ್ನು ಶೇಕಡಾವಾರಿನಿಂದ ಗುಣಿಸಿ, ಎರಡರಿಂದ ಗುಣಿಸಿ, ರಿಮ್‌ನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿದರೆ ವ್ಯಾಸ ಸಿಗುತ್ತದೆ. ಗಟ್ಟಿ ಆಕ್ಸಲ್ ಇರುವ ಪಿಕಪ್‌ಗಳನ್ನು ಹೋಲಿಸಲು ಇದಕ್ಕಿಂತ ಪ್ರಾಮಾಣಿಕವಾದ ಅಂಕಿ ನನಗೆ ಗೊತ್ತಿಲ್ಲ.

ಮೋರಿಯ ಗೂನು ಬೇರೆಯೇ ಕಥೆ, ಮತ್ತು ನಿಮ್ಮ ಅಪ್ಪನ ಜೀಪ್ ಅಲ್ಲಿ ಏಕೆ ತಾಗಲಿಲ್ಲ ಎಂಬುದಕ್ಕೆ ಚೆಂದದ ಉತ್ತರವಿದೆ. ನಮ್ಮ ಮಲೆನಾಡಿನ ಹಳೆಯ ಜೀಪ್‌ಗಳೆಲ್ಲ ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ವಂಶದವು. ಆ ಮೂಲ ಜೀಪಿನ ಗ್ರೌಂಡ್ ಕ್ಲಿಯರೆನ್ಸ್ ಎಷ್ಟಿತ್ತು ಗೊತ್ತೇ? ಎಂಟೂಮುಕ್ಕಾಲು ಇಂಚು, ಎಂದರೆ 222 ಮಿ.ಮೀ. ಇಂದಿನ ವಿ-ಕ್ರಾಸ್‌ನ 225ಕ್ಕೂ ಅದಕ್ಕೂ ಮೂರು ಮಿಲಿಮೀಟರ್ ವ್ಯತ್ಯಾಸ. ಎರಡೂ ನಮ್ಮ ಹಿರಿಯರ ಲೆಕ್ಕದಲ್ಲಿ ಒಂದು ಗೇಣು. ಆದರೆ ಜೀಪಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇದ್ದ ದೂರ 80 ಇಂಚು, ಎಂದರೆ 2032 ಮಿ.ಮೀ.; ಹೈಲಕ್ಸ್‌ನಲ್ಲಿ ಅದು 3085, ವಿ-ಕ್ರಾಸ್‌ನಲ್ಲಿ 3095. ಗೂನಿನ ಎರಡೂ ಬದಿಯ ಇಳಿಜಾರಿನಲ್ಲಿ ಒಂದೇ ಎತ್ತರದ ಇಟ್ಟಿಗೆಗಳನ್ನಿಟ್ಟು ಅವುಗಳ ಮೇಲೆ ಏಣಿಯ ಎರಡು ತುದಿಗಳನ್ನು ಇಟ್ಟುನೋಡಿ. ಏಣಿ ಉದ್ದವಾದಷ್ಟೂ ಕಡಿಮೆ ಕಡಿದಾದ ಗೂನೇ ಅದರ ನಡುವನ್ನು ಮುಟ್ಟುತ್ತದೆ. ಚಕ್ರ ನೆಲ ಮುಟ್ಟುವ ಬಿಂದುಗಳಿಂದ ಹೊಟ್ಟೆಯ ನಡುವಿಗೆ ಗೆರೆ ಎಳೆದು ಸರಳವಾಗಿ ಲೆಕ್ಕ ಹಾಕಿದರೆ, 222 ಮಿ.ಮೀ. ಎತ್ತರದ ಹೊಟ್ಟೆಯ ಆ ಜೀಪ್ ಸುಮಾರು 25 ಡಿಗ್ರಿಯ ಗೂನನ್ನು ದಾಟಬಲ್ಲದು. ಅಷ್ಟೇ ಎತ್ತರದ ಹೊಟ್ಟೆಯಿರುವ ಪಿಕಪ್ ಸುಮಾರು 16 ಡಿಗ್ರಿಯ ಗೂನಿಗೇ ಕೂತುಬಿಡುತ್ತದೆ. ಜೀಪ್ ದಾಟಿದ ಅದೇ ಗೂನನ್ನು ಪಿಕಪ್ ದಾಟಬೇಕಾದರೆ ಅದರ ನಡುಹೊಟ್ಟೆ ನೆಲದಿಂದ 337 ಮಿ.ಮೀ. ಮೇಲಿರಬೇಕು, ಹೆಚ್ಚುಕಡಿಮೆ ಒಂದೂವರೆ ಗೇಣು. ಟೈರ್‌ಗಳ ದುಂಡುತನದಿಂದ, ಚಾಸಿಯ ಹೊಟ್ಟೆ ಡಿಫರೆನ್ಷಿಯಲ್‌ಗಿಂತ ಮೇಲಿರುವುದರಿಂದ ನಿಜವಾದ ಕೋನಗಳು ಇದಕ್ಕಿಂತ ಉತ್ತಮವಾಗಿಯೇ ಇರುತ್ತವೆ, ಆದರೆ ಉದ್ದಕ್ಕೂ ಎತ್ತರಕ್ಕೂ ಇರುವ ನಂಟು ಬದಲಾಗುವುದಿಲ್ಲ.

ಇದು ಬರಿಯ ಕಾಗದದ ಲೆಕ್ಕವಲ್ಲ ಎನ್ನುವುದಕ್ಕೆ ಜೀಪ್ ಕಂಪನಿಯ ಇಂದಿನ ವಾಹನಗಳನ್ನೇ ನೋಡಿ. ರ‍್ಯಾಂಗ್ಲರ್ ರುಬಿಕಾನ್‌ನ ಎರಡು ಬಾಗಿಲಿನ ಮತ್ತು ನಾಲ್ಕು ಬಾಗಿಲಿನ ಮಾದರಿಗಳೆರಡಕ್ಕೂ ಗ್ರೌಂಡ್ ಕ್ಲಿಯರೆನ್ಸ್ 10.8 ಇಂಚು. ಅದರದೇ ಪಿಕಪ್ ರೂಪವಾದ ಗ್ಲ್ಯಾಡಿಯೇಟರ್ ರುಬಿಕಾನ್‌ಗೆ 11.1 ಇಂಚು, ಅಂದರೆ ಮೂರರಲ್ಲಿ ಎತ್ತರವಾದದ್ದು ಪಿಕಪ್ಪೇ. ಆದರೆ ನಡುಗೂನನ್ನು ದಾಟುವ ಕೋನವಾದ ಬ್ರೇಕ್‌ಓವರ್ ಎರಡು ಬಾಗಿಲಿನದಕ್ಕೆ 27.8 ಡಿಗ್ರಿ, ನಾಲ್ಕು ಬಾಗಿಲಿನದಕ್ಕೆ 22.6, ಪಿಕಪ್‌ಗೆ 20.3. ಏರು ಮುಗಿದು ನೆಲಕ್ಕಿಳಿಯುವಾಗ ಹಿಂಭಾಗ ತಾಗದಿರಲು ಬೇಕಾದ ಡಿಪಾರ್ಚರ್ ಕೋನ ರ‍್ಯಾಂಗ್ಲರ್‌ನಲ್ಲಿ 37 ಡಿಗ್ರಿ ಇದ್ದದ್ದು ಪಿಕಪ್‌ನಲ್ಲಿ 26ಕ್ಕೆ ಇಳಿಯುತ್ತದೆ, ಏಕೆಂದರೆ ಸಾಮಾನು ಹೊರುವ ಡೆಕ್ ಹಿಂದಿನ ಚಕ್ರಗಳನ್ನು ದಾಟಿ ಹೊರಚಾಚಿರುತ್ತದೆ. ಪಿಕಪ್‌ನ ನಿಜವಾದ ದುರ್ಬಲ ಭಾಗ ಈ ಹಿಂಬದಿ. ನಿಮ್ಮ ಮೋರಿಯ ಏರಿನ ಬುಡದಲ್ಲಿ ಬಂಪರ್, ಸ್ಟೆಪ್ನಿ ಅಥವಾ ಟೋ ಕೊಂಡಿ ನೆಲ ಕೆರೆದ ಗುರುತು ಇದೆಯೇ ನೋಡಿ. ಹೊಟ್ಟೆಯ ಗುರುತು ಗೂನಿನ ನೆತ್ತಿಯ ಮೇಲಿರುತ್ತದೆ, ಹಿಂಬದಿಯ ಗುರುತು ಬುಡದಲ್ಲಿರುತ್ತದೆ. ನೆಂಟರ ವಾಹನ ಎಲ್ಲಿ ತಾಗಿತು ಎಂಬುದನ್ನು ಆ ಮಣ್ಣೇ ಹೇಳುತ್ತದೆ.

ಮೂರನೆಯ ವಿಷಯ ಭಾರ. ಕಾರ್ಖಾನೆಯ ಅಂಕಿ ಖಾಲಿ ವಾಹನದ್ದೋ ತುಂಬಿದ್ದೋ ಎಂಬುದು ಎಷ್ಟು ದೊಡ್ಡ ಪ್ರಶ್ನೆಯೆಂದರೆ, ನಮ್ಮ ದೇಶದ ಜಿಎಸ್‌ಟಿ ಮಂಡಳಿಯೇ 2023ರ ಜುಲೈನಲ್ಲಿ ಅದನ್ನು ಬಿಡಿಸಿ ಹೇಳಬೇಕಾಯಿತು: ಯುಟಿಲಿಟಿ ವಾಹನಗಳ ಮೇಲಿನ ಹೆಚ್ಚಿನ ಸೆಸ್‌ಗೆ ಇದ್ದ 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಎಂಬ ಷರತ್ತನ್ನು ಖಾಲಿ ವಾಹನದ ಅಳತೆ ಎಂದು ತಿಳಿಯಬೇಕು ಎಂದು. ತೆರಿಗೆಗೆ ಅದು ಸರಿ, ತೋಟಕ್ಕೆ ಅಲ್ಲ. ಸಕಲೇಶಪುರದ ಕಡೆಯ ಒಂದು ತೋಟದ ಕಣದಲ್ಲಿ ಒಮ್ಮೆ ನಾವು ಇದನ್ನು ಅಳೆದು ನೋಡಿದ್ದೆವು. ಕಾಫಿ ಒಣಗಿಸುವ ಸಿಮೆಂಟ್ ಕಣದಷ್ಟು ಮಟ್ಟವಾದ ನೆಲ ಮಲೆನಾಡಿನಲ್ಲಿ ಬೇರೆ ಸಿಗುವುದಿಲ್ಲ. ಸಿಲ್ವರ್ ಓಕ್‌ನ ಒಂದು ಪಟ್ಟಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಮೊದಲು ಖಾಲಿ ಪಿಕಪ್‌ನ ಕೆಳಗೆ ಡಿಫರೆನ್ಷಿಯಲ್, ನಡುಚಾಸಿ, ಹಿಂದಿನ ಬಂಪರ್ ಮೂರು ಕಡೆ ನಿಲ್ಲಿಸಿ ಅಳೆದೆವು. ಆಮೇಲೆ 50 ಕೆ.ಜಿ.ಯ ಎಂಟು ಚೀಲ ಕಾಫಿ ಹೇರಿ ಮತ್ತೆ ಅಳೆದೆವು. ಡಿಫರೆನ್ಷಿಯಲ್ ಇಳಿದದ್ದು ಅರ್ಧ ಬೆರಳಿನಷ್ಟು, ಅದೂ ಟೈರ್ ಅಮುಕಿದ್ದರಿಂದ. ಹಿಂದಿನ ಬಂಪರ್ ನಾಲ್ಕು ಬೆರಳು ಕೆಳಗೆ ಬಂದಿತ್ತು. ಖಾಲಿಯಾಗಿ ಷೋರೂಮಿನಿಂದ ಬಂದು ಮೋರಿ ದಾಟಿದ ಪಿಕಪ್ ಚೀಲ ಹೊತ್ತು ಬರುವಾಗ ತಾಗುವುದೇಕೆ ಎಂಬುದು ಅಲ್ಲಿ ನಿಂತಿದ್ದ ಚಾಲಕರಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಮುಂದಿನ ಚಕ್ರಗಳದ್ದು ಇನ್ನೊಂದು ಬಗೆ: ಅಲ್ಲಿ ಗಟ್ಟಿ ಆಕ್ಸಲ್ ಇಲ್ಲದೆ ಪ್ರತಿ ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುವುದರಿಂದ, ಗುಂಡಿಗೆ ಬಿದ್ದು ಸ್ಪ್ರಿಂಗ್ ಅಮುಕಿದ ಕ್ಷಣದಲ್ಲಿ ನಡುವಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡತೊಲೆ) ಮತ್ತು ಅದರ ಹಿಂದಿರುವ ಎಂಜಿನ್ ಎಣ್ಣೆಯ ಚೇಂಬರ್ ನೆಲಕ್ಕೆ ಹತ್ತಿರವಾಗುತ್ತವೆ. ವೇಗವಾಗಿ ಬಂದು ಗುಂಡಿಗೆ ಇಳಿಸಿದರೆ ಕಾಗದದ ಮೇಲಿನ ಗೇಣು ಅರ್ಧ ಗೇಣಾಗುತ್ತದೆ.

ಲಿಫ್ಟ್ ಕಿಟ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. 2 ಇಂಚು ಎತ್ತಿಸಿದರೆ ಹೊಟ್ಟೆ ಮತ್ತು ಹಿಂಬದಿಯ ಕೋನಗಳು ಸುಧಾರಿಸುತ್ತವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದಿಣ್ಣೆಗೆ ಅದರಿಂದ ಪ್ರಯೋಜನವಿಲ್ಲ ಎಂದು ಮೇಲೆ ನೋಡಿದೆವು. ಮುಂದಿನ ಡ್ರೈವ್ ಷಾಫ್ಟ್‌ಗಳು ಹೆಚ್ಚು ಓರೆಯಾಗಿ ತಿರುಗಬೇಕಾಗುವುದರಿಂದ ಜಾಯಿಂಟ್‌ಗಳೂ ಅವುಗಳ ರಬ್ಬರ್ ಬೂಟುಗಳೂ ಬೇಗ ಸೋಲುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಬದಿ ಧರೆ, ಇನ್ನೊಂದು ಬದಿ ಕಣಿವೆಯಿರುವ ನಮ್ಮ ಓರೆ ದಾರಿಗಳಲ್ಲಿ ಚೀಲ ಹೇರಿದ, ಹಿಂದೆ ಆಳುಗಳು ಕುಳಿತ ವಾಹನದ ಭಾರವನ್ನು ಇನ್ನಷ್ಟು ಮೇಲಕ್ಕೆತ್ತುವುದು ಜೀವದ ಜೊತೆ ಆಡುವ ಆಟ. ಕಾನೂನಿನ ತೊಡಕೂ ಇದೆ: ಕಂಪನಿಯ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧರಿಸಿ ತೀರ್ಪು ನೀಡಿದೆ. ಅಪಘಾತವಾದ ದಿನ ವಿಮೆಯ ಸರ್ವೇಯರ್ ಮೊದಲು ಬಗ್ಗಿ ನೋಡುವುದು ಇಂಥವನ್ನೇ.

ವಿದೇಶದ ದೊಡ್ಡ ಅಂಕಿಗಳು ಮನಸ್ಸನ್ನು ಸೆಳೆಯುವುದು ಸಹಜ, ಹಾಗಾಗಿ ಅವು ಎಲ್ಲಿಂದ ಬರುತ್ತವೆ ಎಂಬುದನ್ನೂ ಸ್ವಲ್ಪ ಹೇಳುತ್ತೇನೆ. ರಿವಿಯನ್ ಕಂಪನಿಯ ವಿದ್ಯುತ್ ಪಿಕಪ್‌ಗೆ ಗರಿಷ್ಠ 14.9 ಇಂಚು ಎನ್ನುತ್ತಾರೆ. ಅದು ಗಾಳಿಯ ಸ್ಪ್ರಿಂಗ್‌ಗಳನ್ನು ಪೂರ್ತಿ ಉಬ್ಬಿಸಿದಾಗಿನ ಎತ್ತರ, ಮತ್ತು ಅದರಲ್ಲಿ ಗಟ್ಟಿ ಹಿಂಬದಿ ಆಕ್ಸಲ್ ಇಲ್ಲವೇ ಇಲ್ಲ. ಹಳೆಯ ಹಮ್ಮರ್ ಎಚ್1 ಗಾಳಿ ಸ್ಪ್ರಿಂಗ್ ಇಲ್ಲದೆಯೇ 16 ಇಂಚು ಎತ್ತರ ಪಡೆದದ್ದು ಇನ್ನೊಂದು ಜಾಣ್ಮೆಯಿಂದ: ಪ್ರತಿ ಚಕ್ರದ ಗುಂಬದಲ್ಲೂ ಗಿಯರ್ ಕೂರಿಸಿ, ಷಾಫ್ಟ್ ಚಕ್ರದ ನಡುವಿಗಿಂತ ಮೇಲೆ ಬರುವಂತೆ ಮಾಡಿದ್ದರು. ಎಂಜಿನಿಯರನಾಗಿ ನನಗೆ ಅದು ಇಂದಿಗೂ ಬಹಳ ಇಷ್ಟವಾದ ಪರಿಹಾರ. ಇನ್ನು ಆಸ್ಟ್ರೇಲಿಯಾದಲ್ಲಿ ಮಾರುವ ಫೋರ್ಡ್ ರೇಂಜರ್ ರಾಪ್ಟರ್‌ನಲ್ಲಿ ಮೊದಲ ತಲೆಮಾರಿಗೆ 283 ಮಿ.ಮೀ. ಇದ್ದ ಎತ್ತರ ಎರಡನೆಯದಕ್ಕೆ 272ಕ್ಕೆ ಇಳಿಯಿತು. ಆದರೂ ಹೊಸತೇ ಕಷ್ಟದ ದಾರಿಯಲ್ಲಿ ಮೇಲು, ಏಕೆಂದರೆ ಅದಕ್ಕೆ ಮುಂದಿನ ಆಕ್ಸಲ್‌ಗೂ ಡಿಫರೆನ್ಷಿಯಲ್ ಲಾಕ್, ಎಂದರೆ ಎಡ ಬಲ ಚಕ್ರಗಳೆರಡೂ ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ವ್ಯವಸ್ಥೆ, ಬಂತು.

ಆ ಲಾಕ್ ನಿಮಗೂ ಮುಖ್ಯ. ಜಾಡಿನಲ್ಲಿ ಒಂದು ಹಿಂಗಾಲಿ ಜಾರಿ ಸುಮ್ಮನೆ ತಿರುಗತೊಡಗಿದರೆ ವಾಹನ ಅಲ್ಲೇ ಕೊರೆದುಕೊಂಡು ಇಳಿಯುತ್ತದೆ, ಆಗ ಎಷ್ಟು ಎತ್ತರವಿದ್ದರೂ ಡಿಫರೆನ್ಷಿಯಲ್ ಮಣ್ಣಿಗೆ ಕೂರುತ್ತದೆ. ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್‌ನಲ್ಲಿ ಹಿಂದಿನ ಲಾಕ್ ಗುಂಡಿ ಒತ್ತಿದರೆ ಸಿಗುತ್ತದೆ. ವಿ-ಕ್ರಾಸ್ ಕೊಳ್ಳುವುದಾದರೆ ನೀವು ನೋಡುತ್ತಿರುವ ಮಾದರಿಯಲ್ಲಿ ಲಾಕ್ ಇದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಹೈಲಕ್ಸ್ 700 ಮಿ.ಮೀ. ನೀರಿನಲ್ಲಿ ಹೋಗಬಲ್ಲದು ಎಂಬ ಅಂಕಿಗೂ ಗ್ರೌಂಡ್ ಕ್ಲಿಯರೆನ್ಸ್‌ಗೂ ಸಂಬಂಧವಿಲ್ಲ. ಅದು ಎಂಜಿನ್ ಉಸಿರಾಡುವ ಗಾಳಿಯ ಬಾಯಿ ಎಲ್ಲಿದೆ ಎಂಬುದರ ಮಾತು.

ಆದ್ದರಿಂದ ಹೀಗೆ ಮಾಡಿ. ಎರಡೂ ವಾಹನಗಳ ಪಕ್ಕದ ಫುಟ್‌ಬೋರ್ಡ್ ಎಷ್ಟು ಕೆಳಗೆ ಇಳಿದಿದೆ ನೋಡಿ. ಮೋರಿಯ ಮೇಲೆ ಚಾಸಿಗಿಂತ ಮೊದಲು ತಾಗುವುದು ಎಷ್ಟೋ ಸಲ ಅದೇ, ಮತ್ತು ಅದನ್ನು ಬಿಚ್ಚಿಸಲು ಒಂದು ಗಂಟೆ ಸಾಕು. ಡೀಲರ್‌ಗೆ ಹೇಳಿ ಕಂಪನಿಯದೇ ಸ್ಕಿಡ್ ಪ್ಲೇಟ್ (ತಳ ಕಾಯುವ ಲೋಹದ ಹಲಗೆ) ಎಂಜಿನ್ ಮತ್ತು ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಎರಡರ ಕೆಳಗೂ ಇದೆಯೇ ಎಂದು ಬಗ್ಗಿ ನೋಡಿ. ಕೆಳಗೆ ಬಗ್ಗಿದಾಗಲೇ ಡಿಫರೆನ್ಷಿಯಲ್‌ನ ಉಬ್ಬು ಆಕ್ಸಲ್‌ನ ಸರಿಮಧ್ಯದಲ್ಲಿದೆಯೋ ಒಂದು ಪಕ್ಕಕ್ಕಿದೆಯೋ ಗಮನಿಸಿ. ಪಕ್ಕಕ್ಕಿದ್ದರೆ ಕಲ್ಲು ಬಂದಾಗ ಯಾವ ಕಡೆಗೆ ಹೊರಳಿಸಬೇಕೆಂದು ಚಾಲಕನಿಗೆ ಗೊತ್ತಿರಬೇಕು. ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟು ಹೋಗುವ ರಸ್ತೆಯ ಅಭ್ಯಾಸವನ್ನು ತೋಟದಲ್ಲಿ ಬಿಡಿಸಿ, ಚಕ್ರವನ್ನೇ ಕಲ್ಲಿನ ಮೇಲೆ ಹತ್ತಿಸುವುದನ್ನು ಕಲಿಸಿ. ಚಕ್ರ ಹತ್ತಿದರೆ ಆಕ್ಸಲ್ ಕೂಡ ಅದರ ಜೊತೆಗೆ ಮೇಲೇಳುತ್ತದೆ.

ದಿಣ್ಣೆಗೆ ಮಾತ್ರ ವಾಹನದಿಂದ ಪರಿಹಾರ ಹುಡುಕಬೇಡಿ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳಿನಲ್ಲಿ, ಎರಡು ಆಳು ಇಟ್ಟು ಗುದ್ದಲಿಯಿಂದ ನಡುವಿನ ದಿಣ್ಣೆಯನ್ನು ಕೆತ್ತಿಸಿ ಆ ಮಣ್ಣನ್ನು ಜಾಡಿಗೇ ಹಾಕಿ ಗಟ್ಟಿಯಾಗಿ ದಮ್ಮಸ್ಸು ಮಾಡಿಸಿ, ಮೇಲೆ ಜಲ್ಲಿ ಹರಡಿಸಿ. ಮೋರಿಯ ಎರಡೂ ಬದಿಯ ಏರನ್ನು ಮೂರು ನಾಲ್ಕು ಮೀಟರ್ ಹಿಂದಕ್ಕೆ ಎಳೆದು ಇಳಿಜಾರು ಮಾಡಿಸಿದರೆ ಜೀಪ್ ದಾಟುತ್ತಿದ್ದ ಆ ಗೂನನ್ನು ಪಿಕಪ್ ಕೂಡ ಚೀಲ ಹೊತ್ತುಕೊಂಡೇ ದಾಟುತ್ತದೆ. ಅದಾದ ಮೇಲೆ ಡೀಲರ್‌ನಿಂದ ಎರಡೂ ವಾಹನಗಳನ್ನು ಪ್ರಯೋಗಕ್ಕೆ ತರಿಸಿ. ಪೇಟೆಯ ರಸ್ತೆಯಲ್ಲಿ ಓಡಿಸಿ ಕಳಿಸಬೇಡಿ. ಮಾರಾಟಗಾರರ ಒಪ್ಪಿಗೆ ಪಡೆದು, ಕಂಪನಿ ಹೇಳಿದ ಮಿತಿಯೊಳಗಿನಷ್ಟು ಚೀಲ ಹೇರಿ, ನಿಮ್ಮ ಕಣದಲ್ಲಿ ಆ ಮೂರು ಜಾಗಗಳನ್ನು ಅಳೆದು, ನಿಮ್ಮ ಮೋರಿಯ ಮೇಲೆ ನಡಿಗೆಯ ವೇಗದಲ್ಲಿ ದಾಟಿಸಿ, ಒಬ್ಬರು ಪಕ್ಕದಲ್ಲಿ ಬಗ್ಗಿ ಹೊಟ್ಟೆಗೂ ನೆಲಕ್ಕೂ ನಡುವೆ ಎಷ್ಟು ಬೆಳಕು ಕಾಣುತ್ತದೆ ಎಂದು ನೋಡುತ್ತಿರಲಿ.